ಅಪ್‌ಡೇಟ್: ಜುಲೈನಲ್ಲೇ ಶ್ರೀಲಂಕಾಗೆ ಹೋಗಿ ಬಂದೆವು

ನಮಗೆ ಜುಲೈನಲ್ಲಿ ಮಾತ್ರ ರಜೆ, ಆಗ ಶ್ರೀಲಂಕಾದಲ್ಲಿ ಮಳೆಗಾಲ ಅಲ್ವಾ, ಪ್ರವಾಸ ಕೈಬಿಡಲೇ ಎಂದು ಕೇಳಿದ್ದೆ. ‘ಕೈಬಿಡಬೇಡಿ, ಪೂರ್ವ ಕರಾವಳಿಗೆ ಹೋಗಿ’ ಎಂದವರಿಗೆಲ್ಲ ಮನಸಾರೆ ಥ್ಯಾಂಕ್ಸ್.

ಟ್ರಿಂಕೋಮಲಿ ಹತ್ತಿರದ ನಿಲಾವೆಲಿಯಲ್ಲಿ ಐದು ದಿನ ಇದ್ದೆವು. ಒಂದು ಹನಿ ಮಳೆ ಬೀಳಲಿಲ್ಲ! ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಗಾಲೆ, ಕೊಲಂಬೊ ಕಡೆಯ ಕರಾವಳಿಗೂ ನಡುವಿನ ಬೆಟ್ಟಗಳಿಗೂ ಸುರಿಯುತ್ತದೆ. ಬೆಟ್ಟ ಇಳಿದು ಪೂರ್ವಕ್ಕೆ ಬರುವಷ್ಟರಲ್ಲಿ ಗಾಳಿ ಒಣಗಿರುತ್ತದೆ. ನಮ್ಮ ಘಟ್ಟದ ಆಚೆ ಈಚೆ ಇದ್ದ ಹಾಗೆಯೇ. ನಿಲಾವೆಲಿ ಎದುರಿಗಿರುವ ಪುಟ್ಟ ದ್ವೀಪ ಪಿಜನ್ ಐಲ್ಯಾಂಡ್‌ನಲ್ಲಿ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಹಾಕಿ ನೀರಿನ ಮೇಲ್ಮೈಯಲ್ಲಿ ಈಜುತ್ತ ಒಳಗೆ ನೋಡುವುದು) ಮಾಡಿದೆವು. ನೀರು ಎಷ್ಟು ತಿಳಿಯಾಗಿತ್ತೆಂದರೆ ಹವಳದ ನಡುವೆ ಪುಟ್ಟ ಶಾರ್ಕ್‌ಗಳೂ ಕಂಡವು. ಮಗಳು ಇನ್ನೂ ಅದರದ್ದೇ ಮಾತು.

ಬಿಸಿಲು ಮಾತ್ರ ಜಾಸ್ತಿ. ಮಧ್ಯಾಹ್ನ ಹೊರಗೆ ಇಳಿಯುವ ಹಾಗಿಲ್ಲ. ಅದನ್ನು ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಾಪಸ್ ಬರುವಾಗ ಒಂದು ದಿನ ಗಾಲೆಯಲ್ಲಿ ಉಳಿದೆವು. ಕೋಟೆ ಚೆನ್ನಾಗಿದೆ, ಆದರೆ ಸಮುದ್ರ ಉಕ್ಕುತ್ತಿತ್ತು. ನೀರಿಗೆ ಇಳಿಯಲಿಲ್ಲ. ಆ ಕಡೆ ಈಜಬೇಕು ಎನ್ನುವವರು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಅಕ್ಟೋಬರ್, ನವೆಂಬರ್ ಮಾತ್ರ ಬೇಡ, ಆಗ ದ್ವೀಪದ ಎಲ್ಲ ಕಡೆಯೂ ಮಳೆ ಇರುತ್ತದೆ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗುವವರು ಮಿನ್ನೇರಿಯ ರಾಷ್ಟ್ರೀಯ ಉದ್ಯಾನ ತಪ್ಪಿಸಬೇಡಿ. ಅಲ್ಲಿನ ದೊಡ್ಡ ಕೆರೆಯ ನೀರು ಇಳಿದಾಗ ಹುಲ್ಲು ಮೇಯಲು ನೂರಾರು ಆನೆಗಳು ಅಲ್ಲಿ ಸೇರುತ್ತವೆ. ನಾವು ಸ್ವಲ್ಪ ಬೇಗ ಹೋಗಿದ್ದೆವು, ಹನ್ನೆರಡು ಆನೆ ಕಂಡವು.