ಪ್ರಿಸಂನಿಂದ ಬಣ್ಣವೇ ಬರ್ತಿಲ್ಲ, ಬರೀ ಬಿಳಿ ಬೆಳಕು! ದಯವಿಟ್ಟು ಸಹಾಯ ಮಾಡಿ

ಡೊಂಬಿವಲಿ ಟೀಚರ್:
ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಕನ್ನಡ ಶಾಲೆ ಮಕ್ಕಳಿಗೆ ಬೆಳಕಿನ ಪ್ರಯೋಗ ತೋರಿಸಬೇಕು. ನಮ್ಮದು ಚಾಳಿನ ಮನೆ, ಒಳಗೆ ಬಿಸಿಲು ಬರುವುದಿಲ್ಲ. ಗ್ಯಾಲರಿಯಲ್ಲಿ ಕನ್ನಡಿ ಇಟ್ಟು ಬಿಸಿಲನ್ನು ಕೋಣೆಗೆ ತಿರುಗಿಸಿದ್ದೇನೆ. ಅಲ್ಲಿವರೆಗೆ ಎಲ್ಲ ಸರಿ. ಪ್ರಿಸಂ ಹಿಡಿದರೆ ಪಕ್ಕದ ಗೋಡೆ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ, ಬಣ್ಣದ ಸುಳಿವೇ ಇಲ್ಲ. ತಲೆ ಕೆಟ್ಟು ಹೋಗಿದೆ. ಗಾಜು ಒಳ್ಳೆಯದೇ, ಗೀರು ಕೂಡ ಇಲ್ಲ.

ಮುಲುಂಡ್ ಭಟ್ರು:
ಸ್ಲಿಟ್ ಹಾಕಿದ್ದೀರಾ? ಸೂರ್ಯನೇ ಅರ್ಧ ಡಿಗ್ರಿ ಅಗಲ ಇದ್ದಾನೆ. ಕಿರಣ ದಪ್ಪ ಇದ್ದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಬಿಳಿಯಾಗಿಯೇ ಕಾಣುತ್ತವೆ. ರಟ್ಟಿನ ತೂತಿಗೆ ಎರಡು ಬ್ಲೇಡ್ ಅಂಟಿಸಿ, ನಡುವೆ 1 ಮಿ.ಮೀ. ಸಂದಿ ಬಿಡಿ.

ಡೊಂಬಿವಲಿ ಟೀಚರ್:
ಮಾಡಿದೆ ಸರ್. ಬಿಳಿ ಚುಕ್ಕೆ ಹೋಗಿ ಬಿಳಿ ಗೆರೆ ಬಂತು.

ಮುಲುಂಡ್ ಭಟ್ರು:
ಹಾಗಾದರೆ ಸಂದಿ ಇನ್ನೂ ಜಾಸ್ತಿ ಇದೆ ಮಾರಾಯ್ರೇ. ಅರ್ಧ ಮಿ.ಮೀ.ಗೆ ಇಳಿಸಿ. ಪರದೆಯನ್ನು 3 ಮೀಟರ್ ದೂರ ಇಡಿ.

ಕೋಥ್ರೂಡ್ ಪಾಟೀಲ:
ಸುಮ್ನೆ ಬಿಸಿಲಿನ ಹಿಂದೆ ಯಾಕೆ ಬೀಳ್ತೀರಿ? ಕೆಂಪು ಲೇಸರ್ ತಗೊಳ್ಳಿ. ಕಿರಣ ತೆಳ್ಳಗೆ, ಸ್ಲಿಟ್ಟೂ ಬೇಡ.

ಮುಲುಂಡ್ ಭಟ್ರು:
ಲೇಸರ್‌ನಲ್ಲಿ ಇರುವುದೇ ಒಂದು ಬಣ್ಣ. ಬಾಗುತ್ತದೆ, ಒಡೆಯುವುದಿಲ್ಲ. ಮಕ್ಕಳ ಕೈಗೆ ಅದನ್ನು ಕೊಡುವುದೂ ಸರಿಯಲ್ಲ, ಕಣ್ಣಿನ ವಿಷಯ.

ಕೋಥ್ರೂಡ್ ಪಾಟೀಲ:
ಬಾಗುವುದನ್ನು ತೋರಿಸಲಿ ಅಂತಲೇ ಹೇಳಿದೆ ರೀ. ಮಕ್ಕಳ ಕೈಗೆ ಕೊಡಿ ಅಂತ ನಾನೆಲ್ಲಿ ಹೇಳಿದೆ? ನಿಮ್ಮ ಸ್ಲಿಟ್ಟಿನಿಂದಲೂ ಏನೂ ಆಗಲಿಲ್ಲ ಅಲ್ವಾ?

ಮಡಗಾಂವ್ ಮಾಮ:
ಇಬ್ಬರೂ ಸ್ವಲ್ಪ ತಾಳಿ. ಟೀಚರ್, ಪ್ರಿಸಂ ಎಲ್ಲಿಂದ ತಂದಿರಿ? ಮೂರು ಮೂಲೆಯೂ ಸಮ ಇದೆಯಾ?

ಡೊಂಬಿವಲಿ ಟೀಚರ್:
ಚೋರ್ ಬಜಾರಿನಲ್ಲಿ ಸಿಕ್ಕಿದ್ದು, ಹಳೇ ಬೈನಾಕ್ಯುಲರ್ ಒಳಗಿನದು. ಒಂದು ಮೂಲೆ ಕಾಟಕೋನ (ಲಂಬಕೋನ), ಬಾಕಿ ಎರಡು ಚೂಪು. ಪ್ರಿಸಂ ಅಂದರೆ ಪ್ರಿಸಮ್ಮೇ ಅಲ್ವಾ?

ಮಡಗಾಂವ್ ಮಾಮ:
ಅಲ್ಲೇ ಇದೆ ನೋಡಿ ಸಮಸ್ಯೆ. ಅದರ ಮೂಲೆಗಳು 45-90-45 ಡಿಗ್ರಿ. ಬೈನಾಕ್ಯುಲರ್‌ನಲ್ಲಿ ಅದು ಕನ್ನಡಿಯ ಕೆಲಸ ಮಾಡುತ್ತದೆ. ಚಿಕ್ಕ ಮುಖದಿಂದ ನೆಟ್ಟಗೆ ಒಳಹೋದ ಕಿರಣ ಉದ್ದ ಮುಖಕ್ಕೆ 45 ಡಿಗ್ರಿಯಲ್ಲಿ ಬಡಿಯುತ್ತದೆ. ಸಾಮಾನ್ಯ ಗಾಜಿಗೆ ಕ್ರಾಂತಿಕೋನ, ಅಂದರೆ ಬೆಳಕು ಗಾಜಿನಿಂದ ಹೊರಬರಬಲ್ಲ ಕೋನದ ಮಿತಿ, ಸುಮಾರು 42 ಡಿಗ್ರಿ. ಅದನ್ನು ದಾಟಿದ್ದರಿಂದ ಪೂರ್ತಿ ಒಳಗೇ ಪ್ರತಿಫಲಿಸಿ, ಇನ್ನೊಂದು ಚಿಕ್ಕ ಮುಖದಿಂದ ಬಿಳಿಯಾಗಿಯೇ ಹೊರಬೀಳುತ್ತದೆ. ಪಕ್ಕದ ಗೋಡೆ ಮೇಲೆ ಬಿದ್ದ ಚುಕ್ಕೆ ಇದೇ. ಸ್ಲಿಟ್ ಎಷ್ಟು ಸಣ್ಣ ಮಾಡಿದರೂ ಪ್ರಯೋಜನವಿಲ್ಲ.

ಹೀಗೆ ಮಾಡಿ: ಕಿರಣ ಚಿಕ್ಕ ಮುಖದಿಂದಲೇ ಹೋಗಲಿ, ಆದರೆ ಚೂಪು ಮೂಲೆಯ ಹತ್ತಿರ, ಕಾಟಕೋನದ ಕಡೆಯಿಂದ ಓರೆಯಾಗಿ. ಮೊದಲು ನೆಟ್ಟಗೆ ಬಿಟ್ಟು ಆಮೇಲೆ ಪ್ರಿಸಂ ನಿಧಾನಕ್ಕೆ ತಿರುಗಿಸುತ್ತಾ ಬನ್ನಿ. ಐದಾರು ಡಿಗ್ರಿ ಆಗುತ್ತಿದ್ದಂತೆ ಉದ್ದ ಮುಖಕ್ಕೆ ಒತ್ತಿಕೊಂಡಂತೆ ಮೊದಲು ಕೆಂಪು ಹೊರಬರುತ್ತದೆ. ಆಮೇಲೆ ಹಳದಿ, ಹಸಿರು, ಕೊನೆಗೆ ನೇರಳೆ. ನೇರಳೆ ಗಾಜಿನಲ್ಲಿ ಜಾಸ್ತಿ ಬಾಗುತ್ತದೆ, ಅದಕ್ಕೇ ಒಳಗೆ ಕೊನೆವರೆಗೂ ಸಿಕ್ಕಿಕೊಂಡಿರುತ್ತದೆ. ಇಲ್ಲಿ ಪಟ್ಟಿ ಅಗಲ, ಆದರೆ ಮಂಕು. 35 ಡಿಗ್ರಿವರೆಗೆ ತಿರುಗಿಸಿ, ಪಟ್ಟಿ ಸಣ್ಣದಾದರೂ ಬಣ್ಣ ಗಟ್ಟಿಯಾಗಿ ಕಾಣುತ್ತದೆ.

ಡೊಂಬಿವಲಿ ಟೀಚರ್:
ಬಂತು ಮಾಮ, ಬಂತು! ಕೆಂಪು ಮೊದಲು ಇಣುಕಿದ್ದು ಕಣ್ಣಾರೆ ನೋಡಿದೆ. ಮಕ್ಕಳಿಗೆ ಹೀಗೇ ತಿರುಗಿಸಿ ತೋರಿಸುತ್ತೇನೆ. ಆದರೆ ಗೆರೆ ಪಕ್ಕ ಇನ್ನೊಂದು ಮಸುಕು ಗೆರೆ ಕಾಣುತ್ತಿದೆ, ಯಾಕೆ?

ಮುಲುಂಡ್ ಭಟ್ರು:
ಬಣ್ಣ ಸ್ಪಷ್ಟ ಬರುವುದಕ್ಕೆ ಸ್ಲಿಟ್ ಬೇಕೇ ಬೇಕು, ಅದನ್ನು ತೆಗೆಯಬೇಡಿ. ಮಸುಕು ಗೆರೆ ನಿಮ್ಮ ಕನ್ನಡಿಯದು. ಮನೆ ಕನ್ನಡಿಗೆ ಲೇಪ ಹಿಂದೆ ಇರುತ್ತದೆ, ಗಾಜಿನ ಮುಂಭಾಗವೂ ಸ್ವಲ್ಪ ಬೆಳಕು ವಾಪಸ್ ಕಳಿಸುತ್ತದೆ.

ಕೋಥ್ರೂಡ್ ಪಾಟೀಲ:
ಗುಜರಿಗೆ ಬಂದ ಹಳೇ ಸ್ಕ್ಯಾನರ್ ಬಿಚ್ಚಿ. ಒಳಗಿನ ಉದ್ದ ಪಟ್ಟಿ ಕನ್ನಡಿಗೆ ಲೇಪ ಮುಂದೆಯೇ ಇರುತ್ತದೆ. ನಾನು ಅಂಥವನ್ನು ಸಾಲಾಗಿ ಜೋಡಿಸಿ, ಟೆರೇಸಿನಿಂದ ಹಾಲ್‌ವರೆಗೆ ಬಿಸಿಲು ತಂದಿದ್ದೇನೆ. ಸೂರ್ಯನ ಜೊತೆ ತಿರುಗಲು ಗಡಿಯಾರದ ಮೋಟಾರೂ ಇದೆ. ಫೋಟೋ ಹಾಕಲಾ?

ಮಡಗಾಂವ್ ಮಾಮ:
ಹಾಕಿ, ಗೇರ್ ಲೆಕ್ಕದ ಸಮೇತ. ಟೀಚರ್, ನಿಮಗೆ ಮೋಟಾರ್ ಬೇಡ. ಆದರೆ ಸೂರ್ಯ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತಾನೆ, 3 ಮೀಟರ್ ದೂರದಲ್ಲಿ ಬೆಳಕು 5 ಸೆಂ.ಮೀ. ಜಾರುತ್ತದೆ. ಕನ್ನಡಿ ಹತ್ತಿರ ಒಬ್ಬ ದೊಡ್ಡ ಹುಡುಗನನ್ನು ನಿಲ್ಲಿಸಿ. ಕನ್ನಡಿ 1 ಡಿಗ್ರಿ ತಿರುಗಿಸಿದರೆ ಕಿರಣ 2 ಡಿಗ್ರಿ ತಿರುಗುತ್ತದೆ, ಅದಕ್ಕೆ ಮೆಲ್ಲಗೆ. ಕನ್ನಡಿಯಲ್ಲಿ ಸೂರ್ಯನನ್ನು ನೇರ ನೋಡಬಾರದು ಅಂತ ಮೊದಲೇ ಹೇಳಿಬಿಡಿ.