ಅಪ್‌ಡೇಟ್: ಬಡಿಗ ಮುತ್ಯಾನ ಸಂಸಾರ ಅರ್ಧ ಸಿಕ್ಕಿತು

ಬಾಗಲಕೋಟೆ ಕಡೆಯ ನಮ್ಮ ಮುತ್ಯಾನ ಮುತ್ಯಾ, 1870ರ ಸುಮಾರಿನ ಬಡಿಗ, ಅವರ ಹೆಂಡತಿ-ಮಕ್ಕಳ ವಿವರ ಎಲ್ಲಿ ಸಿಗಬಹುದು ಅಂತ ಕೇಳಿದ್ದೆ. "ಕಚೇರಿ ಆಮೇಲೆ, ಮೊದಲು ಹೆಳವರನ್ನ ಹಿಡೀರಿ" ಅಂದವರಿಗೆ ದೊಡ್ಡ ನಮಸ್ಕಾರ. ಹೆಳವರು ಅಂದ್ರೆ ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳೋರು, ಮೊದಲೆಲ್ಲ ಎತ್ತಿನ ಮೇಲೆ ಊರೂರು ಸುತ್ತೋರು.

ಸುಗ್ಗಿ ಮುಗಿದ ಮೇಲೆ ನಮ್ಮ ಮನೆತನದ ಹೆಳವರು ಬಂದರು. ಎತ್ತಿನ ಮೇಲಲ್ಲ, ಬೈಕ್ ಮೇಲೆ! ಕಟ್ಟೆ ಮೇಲೆ ಕೂತು ವಹಿ (ವಂಶಾವಳಿ ಪುಸ್ತಕ) ಬಿಚ್ಚಿ ಓದಿದರು: ಇಬ್ಬರು ಹೆಂಡಂದಿರು, ಐದು ಮಕ್ಕಳು. ಮುಂದಿನ ತಲೆಮಾರಿಗೆ ಬಂದರೆ ಇಬ್ಬರದಷ್ಟೇ ವಂಶ. ಇದಕ್ಕೆ ಕಾರಣ ಆಯಿ ಹೇಳುತ್ತಿದ್ದ 'ದೊಡ್ಡ ಬರ', ಅದು 1876–78ರದ್ದೇ ಇರಬೇಕು ಅಂತ ನನ್ನ ಅಂದಾಜು. ರೈತನ ಕಣದಲ್ಲೇ ಜೋಳ ಇಲ್ಲದಾಗ ಕೂರಿಗೆ, ಕುಂಟಿ ಮಾಡಿಕೊಟ್ಟವನಿಗೆ ಆಯ, ಅಂದ್ರೆ ಕೆಲಸಕ್ಕೆ ಕೂಲಿಯಾಗಿ ಕೊಡೋ ಕಾಳು, ಅಳೆಯೋರು ಯಾರು?

ತಪ್ಪು ನನ್ನದೂ ಇತ್ತು. ಹಳೆ ದಾಖಲೆಗಳಲ್ಲಿ ವಿಜಯಪುರ ಜಿಲ್ಲೆ ಅಂತ ಹುಡುಕುತ್ತಿದ್ದೆ. 1885ರವರೆಗೆ ಜಿಲ್ಲಾ ಕೇಂದ್ರ ಕಲಾದಗಿ, ಜಿಲ್ಲೆಯ ಹೆಸರೂ ಅದೇ ಇತ್ತು. ಈಗ ಸಿಕ್ಕ ಎರಡು ಕಾಗದ ಮೋಡಿ ಲಿಪಿಯಲ್ಲಿವೆ (ಮರಾಠಿ ಬರೆಯುತ್ತಿದ್ದ ಹಳೆಯ ಕೂಡುಬರಹ), ಓದುವವರನ್ನು ಹುಡುಕಬೇಕು.

ಒಬ್ಬ ಮಗ ಗದಗ–ಹೊಟಗಿ ರೈಲು ಹಳಿ ಕೆಲಸಕ್ಕೆ ಹೋದ ಅಂತ ಕಾಕಾ ಹೇಳ್ತಾರೆ. ವಹಿಯಲ್ಲಿಲ್ಲ. ಕಾಕಾ ಹೇಳೋದೆಲ್ಲ ನಂಬೋ ಹಂಗೂ ಇಲ್ಲ.