ಸಾಂಕ್ರಾಮಿಕದ ದಿನಗಳಲ್ಲಿ ಆಂಬುಲೆನ್ಸ್ ತಡವಾಗುವುದು ವಾಹನಗಳ ಕೊರತೆಯಿಂದಲೇ?

ಪ್ರಶ್ನೆ – ಕುಮಟಾದ ಓದುಗ
2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ 108ಕ್ಕೆ ಕರೆ ಮಾಡಿದವರೆಲ್ಲರೂ ಕೋವಿಡ್ ರೋಗಿಗಳಾಗಿರಲಿಲ್ಲ. ಹೃದಯಾಘಾತವಾದವರು, ಹೆರಿಗೆ ನೋವು ಕಾಣಿಸಿಕೊಂಡವರು, ಹಾವು ಕಚ್ಚಿದವರೂ ಅವರಲ್ಲಿದ್ದರು. ಅವರಿಗೂ ವಾಹನ ತಡವಾಗಿ ಬಂದಿತೆಂಬ ಮಾತು ನಮ್ಮ ಕಡೆ ಇಂದಿಗೂ ಕೇಳಿಬರುತ್ತದೆ. ಹೆಚ್ಚು ವಾಹನಗಳನ್ನು ಕೊಂಡರೆ ಮುಂದಿನ ಸಲ ಇದು ತಪ್ಪುತ್ತದೆಯೇ?

ಉತ್ತರ – ತಾಲ್ಲೂಕು ಆಸ್ಪತ್ರೆಯ ವೈದ್ಯೆ
ವಾಹನಗಳ ಸಂಖ್ಯೆಯೂ ಒಂದು ಕಾರಣ, ಆದರೆ ಮುಖ್ಯ ಕಾರಣ ಬೇರೆ. ಒಂದು ಕರೆಯನ್ನು ಮುಗಿಸಿ ಮುಂದಿನ ಕರೆಗೆ ಸಿದ್ಧವಾಗಲು ವಾಹನಕ್ಕೆ ಹಿಡಿಯುವ ಸಮಯವೇ ಆಗ ಹಿಗ್ಗಿಹೋಗಿತ್ತು. ಹೊರಡುವ ಮುನ್ನ ಸಿಬ್ಬಂದಿ ಪಿಪಿಇ (ಸೋಂಕು ತಡೆಯುವ ರಕ್ಷಣಾ ಉಡುಪು) ಧರಿಸಬೇಕು, ರೋಗಿಯನ್ನು ಇಳಿಸಿದ ಮೇಲೆ ವಾಹನವನ್ನು ಸೋಂಕುರಹಿತಗೊಳಿಸಬೇಕು. ಇವೆರಡರ ನಡುವೆ, ಹಾಸಿಗೆ ಖಾಲಿಯಿಲ್ಲದ ಆಸ್ಪತ್ರೆಯ ಬಾಗಿಲಲ್ಲಿ ರೋಗಿಯನ್ನು ವಾಹನದಲ್ಲೇ ಮಲಗಿಸಿಕೊಂಡು ಕಾಯಬೇಕು. ಈ ಕಾಯುವಿಕೆಯೇ ಎಲ್ಲಕ್ಕಿಂತ ಅಪಾಯಕಾರಿ. ಬಿ ಮಾದರಿಯ ಚಿಕ್ಕ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಅದು ಎರಡೂವರೆ ಗಂಟೆಯಲ್ಲಿ ಬರಿದಾಗುತ್ತದೆ. ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿದರೆ, ಮೂರು ವಾಹನಗಳಿದ್ದರೂ ಆಗುವುದು ಒಂದರ ಕೆಲಸ ಮಾತ್ರ. ಆದ್ದರಿಂದ ಹಾಸಿಗೆ ಹಂಚುವವರೂ ವಾಹನ ಕಳುಹಿಸುವವರೂ ಒಂದೇ ಕೊಠಡಿಯಲ್ಲಿ ಕುಳಿತು ಕೆಲಸ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಉತ್ತರ – ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿ
ಇದು ನಮ್ಮಲ್ಲಷ್ಟೇ ಕಂಡ ತೊಂದರೆಯಲ್ಲ. ಇಟಲಿಯ ಲೊಂಬಾರ್ದಿಯ ಲೋದಿ, ಕ್ರೆಮೋನಾ, ಪಾವಿಯಾ, ಮಾಂತೋವಾ ಜಿಲ್ಲೆಗಳಲ್ಲಿ 2020ರ ಫೆಬ್ರವರಿ 21ರಿಂದ ಮಾರ್ಚ್ 31ರವರೆಗೆ ಆಸ್ಪತ್ರೆಯ ಹೊರಗೆ 362 ಹೃದಯ ಸ್ತಂಭನಗಳು ದಾಖಲಾದವು. ಹಿಂದಿನ ವರ್ಷ ಅದೇ ಅವಧಿಯಲ್ಲಿ ಅವು 229 ಇದ್ದವು. ಹೆಚ್ಚಳದ ಬಹುಪಾಲು ಕೋವಿಡ್ ಖಚಿತವಾದ ಅಥವಾ ಶಂಕಿತರಾದ ರೋಗಿಗಳದೇ ಆಗಿತ್ತು. ಆಂಬುಲೆನ್ಸ್ ತಲುಪಲು ಹಿಡಿದ ಸಮಯ ಸುಮಾರು 3 ನಿಮಿಷ ಹೆಚ್ಚಾಗಿತ್ತು. ನಿಂತ ಹೃದಯಕ್ಕೆ ಈ ಮೂರು ನಿಮಿಷ ಬಹು ದೀರ್ಘ. ಅದಕ್ಕಿಂತಲೂ ನನ್ನನ್ನು ಕಾಡುವ ಸಂಗತಿಯೆಂದರೆ, ಪಕ್ಕದಲ್ಲಿದ್ದವರು ಎದೆ ಒತ್ತಿ ಜೀವ ಉಳಿಸಲು ಮುಂದಾದ ಪ್ರಮಾಣವೂ ಆಗ ಇಳಿದಿತ್ತು. ಹೊಸ ವಾಹನದಿಂದ ಇದು ಸರಿಯಾಗದು. ವಾಹನ ಬರುವವರೆಗೂ ಏನು ಮಾಡಬೇಕೆಂದು ಕರೆ ಸ್ವೀಕರಿಸಿದವರೇ ಫೋನಿನಲ್ಲಿ ಹೇಳಿಕೊಡುತ್ತಿರಬೇಕು.

ಪ್ರಶ್ನೆ ಕೇಳಿದವರು
ನಮ್ಮ ಜಿಲ್ಲೆಯ ಗಂಭೀರ ರೋಗಿಗಳು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಆಸ್ಪತ್ರೆ ಬೇರೆ ಜಿಲ್ಲೆಯಲ್ಲಿದ್ದರೆ ಆ ಒಂದೇ ಕೊಠಡಿ ಯಾರ ಅಧೀನದಲ್ಲಿರಬೇಕು?

ಉತ್ತರ – ಕಾಸರಗೋಡಿನ ಕನ್ನಡಿಗ
ಆಸ್ಪತ್ರೆ ಬೇರೆ ರಾಜ್ಯದಲ್ಲಿದ್ದರೆ ಏನಾಗುತ್ತದೆಂಬುದನ್ನು ನಾವು ನೋಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ, ಎಂದಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬುಲೆನ್ಸ್‌ಗಳು ಅಲ್ಲಿಯೇ ನಿಂತವು, ಜೀವಗಳೂ ಹೋದವು. ವಾಹನವಿತ್ತು, ರಸ್ತೆಯಿತ್ತು, ದಾಟಲು ಅನುಮತಿ ಇರಲಿಲ್ಲ. ವಿಷಯ ಕೇರಳ ಹೈಕೋರ್ಟಿಗೂ ಬಳಿಕ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರದ ಕೊನೆಗೆ ತುರ್ತು ರೋಗಿಗಳನ್ನು ಬಿಡುವ ಕ್ರಮವೊಂದು ರೂಪುಗೊಂಡಿತು. ಆದ್ದರಿಂದ ಅಧೀನದ ಪ್ರಶ್ನೆಗಿಂತ ಮೊದಲು ಲಿಖಿತ ಒಪ್ಪಂದವಾಗಬೇಕು: ಎಂತಹ ರೋಗಿಗಳನ್ನು ತಡೆಯುವಂತಿಲ್ಲ, ಯಾರ ಪತ್ರ ಸಾಕು, ತಪಾಸಣಾ ಠಾಣೆಯಲ್ಲಿ ಯಾವ ವೈದ್ಯರು ಹಗಲಿರುಳು ಇರುತ್ತಾರೆ ಎಂಬುದೆಲ್ಲ ಎರಡೂ ಕಡೆಯ ಜಿಲ್ಲಾಧಿಕಾರಿಗಳ ಸಹಿಯೊಂದಿಗೆ ಈಗಲೇ ದಾಖಲಾಗಲಿ.